ಪರದೆಯ ಮೇಲೊಂದು ಇಂಗ್ಲಿಷ್ ಹಳ್ಳಿ

ನಂಜನಗೂಡಿನ ಸ್ಟೇಷನ್ ರಸ್ತೆಯಲ್ಲಿದ್ದ ಮಹಾದೇವಸ್ವಾಮಿಯ ಫೋಟೋ ಸ್ಟುಡಿಯೋಗೆ ಹೊಸ ಪರದೆ ಬೇಕಾದದ್ದು ಇಲಿಗಳ ದೆಸೆಯಿಂದ. ಹಳೆಯ ಪರದೆಯ ಮೇಲೆ ಒಂದು ಸರೋವರ, ಅದರಲ್ಲಿ ಎರಡು ಹಂಸಗಳಿದ್ದವು. 1996ರ ಮಳೆಗಾಲದಲ್ಲಿ ಇಲಿಗಳು ಬಲಗಡೆಯ ಹಂಸದ ಕತ್ತನ್ನು ಪೂರಾ ತಿಂದುಹಾಕಿದವು. ಮಹಾದೇವಸ್ವಾಮಿ ಕೆಲವು ದಿನ ಮದುಮಗನನ್ನು ಸರಿಯಾಗಿ ಆ ತೂತಿನ ಮುಂದೆ ನಿಲ್ಲಿಸಿ ಕಾಲ ತಳ್ಳಿದ. ಒಬ್ಬ ಕುಳ್ಳ ಮದುಮಗ ಬಂದ ದಿನ ಗುಟ್ಟು ರಟ್ಟಾಯಿತು. ಫೋಟೋ ತೊಳೆದು ನೋಡಿದರೆ ಅವನ ತಲೆಯ ಮೇಲೆ ಸುಣ್ಣ ಉದುರಿದ ಗೋಡೆ ಕಾಣುತ್ತಿತ್ತು.

ಮಾರನೆಯ ದಿನವೇ ಅವನು ಶಿವಮೂರ್ತಿಗೆ ಹೇಳಿಕಳಿಸಿದ. ಶಿವಮೂರ್ತಿ ಪಕ್ಕದ ಹೆಡತಲೆ ಊರಿನವನು, ಇಪ್ಪತ್ತಾರರ ಹುಡುಗ. ಅಂಗಡಿ ಬೋರ್ಡು, ಲಾರಿಯ ಹಿಂದಿನ ಹುಲಿ, ಎಲೆಕ್ಷನ್ ಬಂದಾಗ ಗೋಡೆ ಬರಹ, ಹೀಗೆ ಪೇಟೆಯ ಬಣ್ಣದ ಕೆಲಸವೆಲ್ಲ ಅವನದೇ. ಅಕ್ಷರ ಬರೆದರೆ ಅಚ್ಚು ಹಾಕಿದ ಹಾಗೆ ಇರುತ್ತಿತ್ತು. ಆದರೆ ಒಂದು ಊರನ್ನು ಯಾವತ್ತೂ ಬರೆದವನಲ್ಲ.

ಮಹಾದೇವಸ್ವಾಮಿ ಗೊಬ್ಬರದಂಗಡಿಯಿಂದ ತಂದಿದ್ದ ಒಂದು ಹಳೆಯ ಕ್ಯಾಲೆಂಡರನ್ನು ಅವನ ಮುಂದೆ ಹಿಡಿದ.

“ನೋಡ್ಲಾ ಮೂರ್ತಿ, ಇಂಗ್ಲೆಂಡಿನ ಯಾವ್ದೋ ಅಳ್ಳಿಯಂತೆ. ಎಂಗದೆ ನೋಡು! ಇದ್ನ ಗೋಡೆ ಅಗಲಕ್ಕೆ ಬರ್ದುಕೊಡು. ನಮ್ ಸೀಮೆ ಗಂಡು ಎಣ್ಣೆಲ್ಲ ಇಂಗ್ಲೆಂಡಲ್ಲಿ ನಿಂತ್ಕಂಡು ಫೋಟೋ ತೆಗಿಸ್ಕಳ್ಳಲಿ.”

ಚಿತ್ರ ಅಂಗೈಯಷ್ಟಿತ್ತು. ಚೌಕಾಕಾರದ ಗೋಪುರವಿದ್ದ ಒಂದು ಚರ್ಚು, ಹುಲ್ಲು ಹೊದಿಸಿದ ನಾಲ್ಕೈದು ಮನೆ, ಕಲ್ಲಿನ ಸೇತುವೆ, ನೀರಿನ ಗಿರಣಿ, ಹಿಂದೆ ಹಸಿರು ಗುಡ್ಡ. ಊರಿನ ಹೆಸರಿದ್ದ ಮೂಲೆ ಹರಿದುಹೋಗಿತ್ತು. ಚಿತ್ರದ ಕೆಳಭಾಗದ ಮೇಲೆಯೇ ತಿಂಗಳ ತಾರೀಖು, ಹಬ್ಬಗಳ ಹೆಸರು ಅಚ್ಚಾಗಿದ್ದವು. ಶಿವಮೂರ್ತಿ ಕಂಡಷ್ಟನ್ನು ನೋಡಿಕೊಂಡು, ಕಾಣದ್ದನ್ನು ತಾನೇ ಸೇರಿಸಿಕೊಂಡು, ಗೌರಿ ಹಬ್ಬದ ಹೊತ್ತಿಗೆ ಪರದೆ ಮುಗಿಸಿದ. ಸ್ಟುಡಿಯೋಗೆ ಬಂದವರೆಲ್ಲ ಬಾಯಿ ತುಂಬ ಹೊಗಳಿದರು. ಮೊದಲ ವಾರದಲ್ಲೇ ಎರಡು ಹೊಸ ಜೋಡಿಗಳು, ಒಂದು ನಾಮಕರಣದ ಮಗು, ರಿಟೈರಾದ ಒಬ್ಬ ಪೋಸ್ಟ್‌ಮ್ಯಾನ್, ಎಲ್ಲರೂ ಇಂಗ್ಲೆಂಡಿನಲ್ಲಿ ನಿಂತು ಫೋಟೋ ತೆಗೆಸಿಕೊಂಡರು.

ಕೋಮಲ ಬಂದದ್ದು ಅದಾದ ಮೇಲೆ. ಅವಳು ಹುಲ್ಲಹಳ್ಳಿಯ ಹೈಸ್ಕೂಲೊಂದರಲ್ಲಿ ಆ ವರ್ಷ ತಾನೇ ಭೂಗೋಳದ ಟೀಚರಾಗಿ ಸೇರಿದ್ದಳು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಎಂ.ಎ. ಓದಿದವಳು. ತಂದೆ ನಾಗಯ್ಯ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಹಳಿಯ ಉದ್ದಕ್ಕೂ ನಡೆದು ಬೋಲ್ಟು ಬಿಗಿ ಮಾಡುವ ಕೆಲಸ. ಹಾಗಾಗಿ ಮನೆ ನಂಜನಗೂಡಿನಲ್ಲೇ. ಅವಳಿಗೆ ಬೇಕಾಗಿದ್ದದ್ದು ಬಸ್ ಪಾಸಿಗೆ ಒಂದು ಸಣ್ಣ ಫೋಟೋ. ಅದಕ್ಕೆ ಬಿಳಿ ಬಟ್ಟೆ ಸಾಕು. ಆದರೆ ಸ್ಟೂಲಿನ ಮೇಲೆ ಕೂತವಳ ಕಣ್ಣು ಪಕ್ಕದ ಪರದೆಯ ಮೇಲೆ ಬಿತ್ತು. ಮಹಾದೇವಸ್ವಾಮಿ ಕ್ಯಾಮೆರಾದಲ್ಲಿ ಕಣ್ಣಿಟ್ಟು ಕಾಯುತ್ತಿದ್ದಾನೆ, ಇವಳಿಗೆ ನಗು ತಡೆಯಲಾಗುತ್ತಿಲ್ಲ.

“ಬಾಯಿ ಮುಚ್ಕಳಿ ಮೇಡಮ್ಮೋರೆ, ಫೋಟೋದಲ್ಲಿ ಅಲ್ಲು ಬತ್ತವೆ.”

“ತಪ್ಪು ತಿಳ್ಕೋಬೇಡಿ, ಆ ನದಿ ನೋಡಿ ನಗು ಬಂತು. ಗುಡ್ಡದ ಹತ್ತಿರ ಅಷ್ಟಗಲ ಇದೆ, ಕೆಳಗೆ ಬರ್ತಾ ಬರ್ತಾ ಸಣ್ಣ ಆಗಿದೆ. ನೀರು ಗುಡ್ಡ ಹತ್ತಿ ಹೋಗ್ತಾ ಇದೆಯಲ್ಲ!”

ಪರದೆಯ ಹಿಂದೆ ಕಟ್ಟಿಗೆಯ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದ ಶಿವಮೂರ್ತಿಗೆ ಇದು ಕೇಳಿಸಿತು. ಸುತ್ತಿಗೆ ಹಿಡಿದೇ ಈಚೆಗೆ ಬಂದ. ಅವನ ಮುಖ ಕೆಂಪಗಾಗಿತ್ತು.

“ಇನ್ನೇನೇನು ತಪ್ಪದೆ ಯೋಳ್ಬುಡಿ ಮೇಡಂ.”

ಕೋಮಲ ಒಂದು ಕ್ಷಣ ಗಾಬರಿಯಾದಳು. ಆದರೆ ಟೀಚರಲ್ಲವೇ, ಕೇಳಿದ ಮೇಲೆ ಹೇಳದೆ ಇರಲಾಗಲಿಲ್ಲ. ಎದ್ದು ಪರದೆಯ ಹತ್ತಿರ ಹೋದಳು.

“ಗಿರಣಿ ಚಕ್ರ ನೀರಿನಿಂದ ಒಂದಾಳೆತ್ತರ ಮೇಲಿದೆ. ತಿರುಗೋದು ಹೇಗೆ?”

“ಕ್ಯಾಲೆಂಡರಲ್ಲಿ ಆ ಜಾಗದಲ್ಲಿ ಶಿವರಾತ್ರಿ ಅಂತ ಕೆಂಪಕ್ಷರ ಇತ್ತು. ಅದರಡೀಲಿ ಏನಿತ್ತೋ ನಂಗೆ ಕಾಣ್ನಿಲ್ಲ.”

ಅವಳು ತುಟಿ ಕಚ್ಚಿಕೊಂಡಳು. “ಚರ್ಚಿನ ನೆರಳು ಒಂದು ಕಡೆ ಬಿದ್ದಿದೆ, ಮನೆಗಳ ನೆರಳು ಇನ್ನೊಂದು ಕಡೆ.”

“ಚರ್ಚು ಬೆಳಿಗ್ಗೆ ಬರ್ದೆ. ಮನೆ ಸಾಯಂಕಾಲ ಬರ್ದೆ. ಕಿಟಕೀಲಿ ಬಿಸ್ಲು ಎಂಗೆ ಬತ್ತಿತ್ತೋ ಅಂಗೇ ನೆರಳು ಬುಟ್ಟೆ.”

ಇದಕ್ಕೆ ಮಹಾದೇವಸ್ವಾಮಿಯೂ ನಕ್ಕುಬಿಟ್ಟ. ಶಿವಮೂರ್ತಿಗೆ ಸಿಟ್ಟು ಬರಬೇಕಾಗಿತ್ತು. ಆದರೆ ಅವಳು ಹಂಗಿಸುವ ದನಿಯಲ್ಲಿ ಹೇಳುತ್ತಿರಲಿಲ್ಲ. ಆ ಊರು ನಿಜವಾಗಿಯೂ ಎಲ್ಲೋ ಇದೆ, ಅದಕ್ಕೆ ಅನ್ಯಾಯವಾಗಬಾರದು ಅನ್ನುವ ಹಾಗೆ ಹೇಳುತ್ತಿದ್ದಳು.

“ನೀವು ಅಲ್ಲಿಗೆ ಓಗಿದ್ರಾ?” ಎಂದು ಕೇಳಿದ.

“ಇಲ್ಲಪ್ಪ, ಬೆಂಗಳೂರಿಗೇ ಎರಡು ಸಲ ಹೋಗಿದ್ದೀನಿ ಅಷ್ಟೆ. ಎಂ.ಎ.ಯಲ್ಲಿ ಊರುಗಳ ಬಗ್ಗೆಯೇ ಒಂದು ಪೇಪರ್ ಇತ್ತು. ನಮ್ಮ ಮೇಷ್ಟ್ರು ಇಂಗ್ಲೆಂಡಿನ ಹಳ್ಳಿಗಳ ಸ್ಲೈಡು ತೋರಿಸ್ತಿದ್ರು. ಊರು ಎಲ್ಲಂದರಲ್ಲಿ ಹುಟ್ಟಲ್ಲ ಕಣ್ರೀ. ಅಲ್ಲಿ ಸುಣ್ಣಕಲ್ಲಿನ ಗುಡ್ಡಗಳು. ಮಳೆ ನೀರೆಲ್ಲ ಒಳಗೆ ಇಂಗಿ, ಗುಡ್ಡದ ಬುಡದಲ್ಲಿ ಊಟೆಯಾಗಿ ಏಳುತ್ತೆ. ಆ ಊಟೆ ಇದ್ದ ಕಡೆ ಜನ ಮನೆ ಕಟ್ಟಿಕೊಂಡರು. ನೀವು ಮನೆಗಳನ್ನ ಗುಡ್ಡದ ನೆತ್ತಿ ಮೇಲೆ ಇಟ್ಟಿದ್ದೀರ. ಅಲ್ಲಿ ಕುಡಿಯೋಕೆ ನೀರಿಲ್ಲ.”

ಶಿವಮೂರ್ತಿ ಪರದೆಯ ಕಡೆ ನೋಡಿದ. ತಾನು ಇಷ್ಟಪಟ್ಟು ಬರೆದ ಮನೆಗಳಲ್ಲಿ ಯಾರೋ ಕೊಡ ಹಿಡಿದುಕೊಂಡು ಗುಡ್ಡ ಇಳಿಯುತ್ತಿರುವ ಹಾಗೆ ಅನ್ನಿಸಿತು.

“ಭಾನುವಾರ ರಜ ಅಲ್ವಾ ಮೇಡಂ? ಬಂದು ಯೋಳ್ಕೊಡಿ. ಎಲ್ಲಾನೂ ಅಳಿಸಿ ಬರಿತೀನಿ.”

“ಲೇ, ಮದ್ವೆ ಸೀಜನ್ ಕಣ್ಲಾ! ಬರೋ ಗಿರಾಕೀನ ಎಲ್ಲಿ ನಿಲ್ಲಿಸ್ಲಿ?” ಎಂದು ಮಹಾದೇವಸ್ವಾಮಿ ಕೂಗಿಕೊಂಡ. ಅವನ ಮಾತು ಇಬ್ಬರಿಗೂ ಕೇಳಿಸಲಿಲ್ಲ.

ಭಾನುವಾರ ಕೋಮಲ ಒಬ್ಬಳೇ ಬರಲಿಲ್ಲ. ತಾಯಿ ಚಲುವಮ್ಮ ಜೊತೆಗೆ ಬಂದಳು. ವಯಸ್ಸಿನ ಹುಡುಗಿ ಸ್ಟುಡಿಯೋದಲ್ಲಿ ಯಾರೋ ಪೇಂಟರ್ ಜೊತೆ ಕೂತರೆ ಬೀದಿಯವರು ಏನೆಂದಾರು ಎಂದು ಹೊರಟವಳು, ಬಂದ ಅರ್ಧ ಗಂಟೆಯಲ್ಲಿ ಮಗಳಿಗಿಂತ ಜೋರಾಗಿ ಅಪ್ಪಣೆ ಕೊಡತೊಡಗಿದಳು.

ಕೋಮಲ ಬಿಳಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಟ್ಟಳು. ಗುಡ್ಡ ಇಲ್ಲಿ, ಊಟೆ ಇಲ್ಲಿ, ಮನೆಗಳು ಗುಡ್ಡದ ಬುಡಕ್ಕೆ. ನದಿ ಗುಡ್ಡದ ಸಂದಿನಿಂದ ಸಣ್ಣಗೆ ಹೊರಟು ಮುಂದೆ ಅಗಲವಾಗಲಿ. ಗಿರಣಿಗೆ ನೀರು ಸುಮ್ಮನೆ ಬರುವುದಿಲ್ಲ, ಮೇಲೆ ಒಂದು ಕಟ್ಟೆ ಕಟ್ಟಿ ಕಾಲುವೆ ತಿರುಗಿಸಿರುತ್ತಾರೆ.

“ನಮ್ಮ ಉಲ್ಲಳ್ಳಿ ಅಣೆಕಟ್ಟೆ ತರವಾ?” ಎಂದ ಶಿವಮೂರ್ತಿ.

“ಅದೇ! ಚಿಕ್ಕದು ಅಷ್ಟೆ.”

ಅವನಿಗೆ ತಟ್ಟನೆ ಎಲ್ಲ ತಿಳಿಯಿತು. ಚರ್ಚಿನ ಗೋಪುರ ಪಶ್ಚಿಮಕ್ಕೆ, ಪೂಜೆಯ ಜಾಗ ಪೂರ್ವಕ್ಕೆ ಎಂದಳು ಅವಳು. ಚರ್ಚು ಮೊದಲು ಮರದ್ದು ಇರುತ್ತಿತ್ತು, ಕುರಿ ಉಣ್ಣೆ ಮಾರಿ ಊರಿನವರ ಕೈ ಬೆಚ್ಚಗಾದ ಮೇಲೆ ಕಲ್ಲಿನದು ಕಟ್ಟಿಸಿದರು; ಒಂದೊಂದು ತಲೆಮಾರು ಒಂದೊಂದು ಭಾಗ ಸೇರಿಸಿರುವುದರಿಂದ ಕಲ್ಲಿನ ಬಣ್ಣ ಒಂದೇ ಸಮ ಇರಬಾರದು. ಊರ ನಡುವೆ ಎಲ್ಲರಿಗೂ ಸೇರಿದ ಹುಲ್ಲುಗಾವಲು.

“ಗೋಮಾಳ ಅನ್ನಿ” ಎಂದಳು ಚಲುವಮ್ಮ. “ಗೋಮಾಳ ಅಂದ್ಮೇಲೆ ದನ ಎಲ್ಲಪ್ಪ? ಒಂದೆಮ್ಮೆ ಬರಿ.”

“ಅವ್ವಾ, ಇಂಗ್ಲೆಂಡಿನ ಹಳ್ಳಿಗಳಲ್ಲಿ ಎಮ್ಮೆ ಇರಲ್ಲ.”

“ಎಮ್ಮೆ ಇಲ್ದೇ ಇದ್ರೆ ಗಟ್ಟಿ ಮೊಸ್ರು ಎಲ್ಲಿ ಬಂದದು? ಓಗ್ಲಿ, ಒಂದು ಅಸ ಬರಿ ಮಗ. ಕೊಂಬು ನೆಟ್ಟಗಿರ್ಲಿ.”

ಶಿವಮೂರ್ತಿ ಚಲುವಮ್ಮನ ಮಾತು ತೆಗೆದುಹಾಕಲಿಲ್ಲ. ಚರ್ಚಿನ ಮುಂದಿನ ಹುಲ್ಲಿನಲ್ಲಿ ಒಂದು ಬಿಳಿ ಹಸುವನ್ನು ಮೇಯಲು ಬಿಟ್ಟ. ಆ ಮಧ್ಯಾಹ್ನ ಮೂವರೂ ಬುತ್ತಿ ಬಿಚ್ಚಿ, ರಾಗಿಮುದ್ದೆ ಹುರುಳಿಸಾರು ಉಂಡು, ಕೈ ತೊಳೆದು ಮತ್ತೆ ಇಂಗ್ಲೆಂಡ್ ಕಟ್ಟಲು ಕೂತರು. ಮಹಾದೇವಸ್ವಾಮಿ ಗೊಣಗುತ್ತಲೇ ಕಾಫಿ ತರಿಸಿಕೊಟ್ಟ.

ಹೀಗೆ ಕೆಲವು ಭಾನುವಾರ ಕಳೆದವು. ಮನೆ, ಸೇತುವೆ, ಗುಡ್ಡ ಎಲ್ಲ ಸರಿಯಾಯಿತು. ಕೊನೆಗೆ ಮುಂದಿನ ಹುಲ್ಲೊಂದು ಉಳಿಯಿತು. ಒಂದು ಬುಧವಾರ ಶಿವಮೂರ್ತಿ ಅದಕ್ಕೆ ಹಸಿರು ಹಚ್ಚಿ, “ಸಾ, ಇವತ್ತು ಯಾರ್ನೂ ನಿಲ್ಲಿಸ್ಬ್ಯಾಡಿ” ಎಂದು ಹೇಳಿ ಟೀ ಕುಡಿಯಲು ಹೋದ. ಮಹಾದೇವಸ್ವಾಮಿ ಡಾರ್ಕ್‌ರೂಮಿನ ಒಳಗಿನಿಂದಲೇ “ಊಂ” ಎಂದಿದ್ದ. ಆದರೆ ಅವನು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಅಷ್ಟರಲ್ಲಿ ಆ ದಿನ ಮದುವೆಯಾದ ಜೋಡಿಯೊಂದು ನೆಂಟರ ಜೊತೆ ಬಂದಿಳಿಯಿತು. ಹುಡುಗಿಯ ಹೆಸರು ಶೃತಿ. ಅವಳ ತಾಯಿ ಚಾಮುಂಡಮ್ಮ ಟಿ. ನರಸೀಪುರದ ಕಡೆಯ ದೊಡ್ಡ ಗದ್ದೆ ಮನೆಯವರು, ಮಾತು ಸ್ವಲ್ಪ ಬಿರುಸು. ಶೃತಿ ಪರದೆಗೆ ಬೆನ್ನು ತಾಗಿಸಿ ನಿಂತಳು. ಫ್ಲ್ಯಾಷ್ ಹೊಡೆಯಿತು. ಈಚೆಗೆ ಬಂದು ತಿರುಗಿದಾಗ ಮಾವಿನಹಣ್ಣಿನ ಬಣ್ಣದ ರೇಷ್ಮೆ ಸೀರೆಯ ಹಿಂದೆ, ಸೊಂಟದಿಂದ ಕೆಳಗೆ, ಇಂಗ್ಲೆಂಡಿನ ಹುಲ್ಲು ಬೆಳೆದಿತ್ತು.

“ಅಯ್ಯೋ ನನ್ನ ಮಗಳ ದಾರೆ ಸೀರೆ!” ಎಂದು ಚಾಮುಂಡಮ್ಮ ಇಟ್ಟ ಕೂಗಿಗೆ ರಸ್ತೆಯ ಜನ ಬಾಗಿಲಿಗೆ ಬಂದರು. ಟೀ ಅಂಗಡಿಯಿಂದ ಶಿವಮೂರ್ತಿ ಓಡಿಬಂದ. ಸ್ಕೂಲು ಮುಗಿಸಿ ಬಸ್ಸಿಳಿದು ಮನೆಗೆ ಹೊರಟಿದ್ದ ಕೋಮಲಳೂ ಗಲಾಟೆ ಕೇಳಿ ಒಳಗೆ ನುಗ್ಗಿದಳು. ಚಾಮುಂಡಮ್ಮ ಮಹಾದೇವಸ್ವಾಮಿಗೆ ಬೈದು, ಶಿವಮೂರ್ತಿಗೆ ಬೈದು, ಕೊನೆಗೆ ಅಲ್ಲೇ ನಿಂತಿದ್ದ ಅಳಿಯನಿಗೂ ಒಂದು ಮಾತು ಅಂದರು.

ಕೋಮಲ ಮಾತ್ರ ಹತ್ತಿಗೆ ಸೀಮೆಎಣ್ಣೆ ಅದ್ದಿ, ಶೃತಿಯನ್ನು ಒಳಗೆ ಕರೆದುಕೊಂಡು ಹೋಗಿ, ಬಟ್ಟೆಯ ಕೆಳಗೆ ಕಾಗದವಿಟ್ಟು ಮೆಲ್ಲಗೆ ಒತ್ತಿ ಒತ್ತಿ ಬಣ್ಣ ತೆಗೆಯತೊಡಗಿದಳು. ಆಮೇಲೆ ಮುಖದ ಪೌಡರ್ ಉದುರಿಸಿದಳು. ಬಹುಪಾಲು ಹೋಯಿತು. ಒಂದು ಸಣ್ಣ ಗುರುತು ಉಳಿಯಿತು, ನೆರಿಗೆಯಲ್ಲಿ ಅಡಗುವಷ್ಟು. ಶೃತಿ ಆ ಗುರುತನ್ನು ನೋಡಿ ನಗಲು ಶುರುಮಾಡಿದಳು. ಅವಳ ನಗು ಕೇಳಿ ಗಂಡನೂ ನಕ್ಕ.

“ಇರ್ಲಿ ಬುಡವ್ವ” ಎಂದಳು ತಾಯಿಗೆ. “ನಮ್ಮ ಮದ್ವೆ ಯಾರೂ ಮರಿಯಲ್ಲ. ಆದ್ರೆ ಫೋಟೋ ಬೇಕಲ್ಲ, ಈಗ ಎಲ್ಲಿ ನಿಂತ್ಕಳದು?”

“ಕಬಿನಿ ಸೇತುವೆ ಹತ್ತಿರ ನಿಂತ್ಕೊಳ್ಳಿ” ಎಂದಳು ಕೋಮಲ. “ಮೈಸೂರು ದಳವಾಯಿಗಳ ಕಾಲದ ಸೇತುವೆ, ಇನ್ನೂರು ವರ್ಷಕ್ಕೂ ಹಳೇದು. ಪರದೆ ಮೇಲಿರೋ ಸೇತುವೆಗಿಂತ ಏನು ಕಮ್ಮಿ?”

ಮಹಾದೇವಸ್ವಾಮಿ ಕ್ಯಾಮೆರಾ ಹೊತ್ತುಕೊಂಡು ಸ್ಟುಡಿಯೋದಿಂದ ಆಚೆ ಫೋಟೋ ತೆಗೆದದ್ದು ಅದೇ ಮೊದಲು. ಸಂಜೆಯ ಹೊಂಬಿಸಿಲು ಕಲ್ಲಿನ ಕಮಾನುಗಳ ಮೇಲೆ ಬಿದ್ದಿತ್ತು, ನೀರು ತುಂಬಿ ಹರಿಯುತ್ತಿತ್ತು. ಅವನು ಮೈಮರೆತು ಜೋಡಿಯನ್ನು ಹಿಂದೆ ಹಿಂದೆ ಸರಿಸುತ್ತ ಸೇತುವೆಯ ಒಂದು ಬದಿಯಲ್ಲಿದ್ದ ರೈಲು ಹಳಿಯ ಹತ್ತಿರಕ್ಕೇ ಒಯ್ದ. ಅಷ್ಟರಲ್ಲಿ ಕೆಂಪು ಬಾವುಟ ಹಿಡಿದ ಒಬ್ಬ ಗಿಡ್ಡ ಮನುಷ್ಯ ಕೂಗುತ್ತ ಬಂದ.

“ಏಯ್, ಇಳೀರಿ ಕೆಳೀಕೆ! ರೈಲು ಬರೋ ಒತ್ತು! ಮದ್ವೆ ದಿನಾನೇ ಸಾಯಬೇಕಾ ನಿಮಗೆ?”

ಅವನೇ ಕೋಮಲಳ ತಂದೆ ನಾಗಯ್ಯ. ಮಗಳನ್ನು ಆ ಗುಂಪಿನಲ್ಲಿ ಕಂಡು ಬಾವುಟ ಇಳಿಸಿದ. ಅವಳ ಪಕ್ಕದಲ್ಲಿ ಮೊಣಕೈವರೆಗೂ ಹಸಿರು ಮೆತ್ತಿಕೊಂಡು ನಿಂತಿದ್ದ ಹುಡುಗನನ್ನು ಮೇಲಿಂದ ಕೆಳಗಿನವರೆಗೆ ನೋಡಿದ.

“ನೀನಾ ಆ ಪೇಂಟ್ರು?” ಎಂದಷ್ಟೇ ಕೇಳಿ, ರೈಲಿಗೆ ದಾರಿ ನೋಡಲು ಹೊರಟುಹೋದ.

ಶೃತಿಯ ಫೋಟೋ ಅಷ್ಟು ಚೆನ್ನಾಗಿ ಬಂತೆಂದರೆ ಚಾಮುಂಡಮ್ಮ ತಾವೇ ಸ್ಟುಡಿಯೋಗೆ ಬಂದು ದೊಡ್ಡ ಸೈಜಿನಲ್ಲಿ ಇನ್ನೊಂದು ಪ್ರತಿ ಹಾಕಿಸಿಕೊಂಡರು. ಬೈದದ್ದಕ್ಕೆ ಬದಲಾಗಿ ಶಿವಮೂರ್ತಿಗೆ ಒಂದು ಗೊನೆ ರಸಬಾಳೆ ಕೊಟ್ಟುಹೋದರು. ಅಲ್ಲಿಂದಾಚೆಗೆ ಬಂದ ಗಿರಾಕಿಗಳನ್ನು ಮಹಾದೇವಸ್ವಾಮಿ, “ಇಂಗ್ಲೆಂಡಾ? ಸೇತುವೆನಾ?” ಎಂದು ಕೇಳತೊಡಗಿದ. ಜಾಣರು ಎರಡೂ ಅನ್ನುತ್ತಿದ್ದರು.

ಪರದೆಯ ಕೆಲಸವೇನೋ ಮುಗಿಯಿತು. ಆದರೆ ಭಾನುವಾರಗಳು ನಿಲ್ಲಲಿಲ್ಲ. ಕೋಮಲ ಸ್ಕೂಲಿನ ಮಕ್ಕಳನ್ನು ತಲಕಾಡಿಗೆ ಕರೆದುಕೊಂಡು ಹೊರಟಾಗ ಶಿವಮೂರ್ತಿ ಚಿತ್ರ ಬರೆಯುವ ಹಲಗೆ ಹಿಡಿದು ಹೊರಟ. ಮರಳಿನಲ್ಲಿ ಹೂತ ಗುಡಿಯ ಮುಂದೆ ನಿಂತು ಅವಳು ಹೊಳೆ ಬಾಗುವ ಕಡೆ ಮರಳು ಯಾಕೆ ಸೇರುತ್ತದೆ, ಗಾಳಿ ಅದನ್ನು ಎತ್ತ ತಳ್ಳುತ್ತದೆ ಎಂದು ಹೇಳುತ್ತಿದ್ದರೆ, ಮಕ್ಕಳಿಗಿಂತ ಮುಂದೆ ಅವನೇ ನಿಂತಿರುತ್ತಿದ್ದ. ಇಪ್ಪತ್ತಾರು ವರ್ಷ ಈ ಸೀಮೆಯಲ್ಲಿ ಬೆಳೆದು ತಾನು ಏನೂ ನೋಡಿಲ್ಲವಲ್ಲ ಅನ್ನಿಸುತ್ತಿತ್ತು. ಅವಳಿಗೆ ಬೇರೆ ಅನ್ನಿಸುತ್ತಿತ್ತು. ತಾನು ವರ್ಷವಿಡೀ ಬೋರ್ಡಿನ ಮೇಲೆ ಗೀಟು ಹಾಕಿ ಹೇಳುವುದನ್ನು ಇವನು ಕೆಲವು ಗೆರೆಯಲ್ಲಿ ಮಕ್ಕಳ ಕಣ್ಣಿಗೆ ತಂದುಬಿಡುತ್ತಾನೆ. ಇದನ್ನು ಇಬ್ಬರೂ ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅವನು ಮಕ್ಕಳ ಮಧ್ಯೆ ನಿಂತು ಹಾಡು ಹೇಳಿಸಿದ, ಅವಳು ಕಿಟಕಿಯಾಚೆ ನೋಡುತ್ತ ನಗುತ್ತಿದ್ದಳು.

ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ ಸ್ಟುಡಿಯೋಗೆ ಇಂಗ್ಲೆಂಡಿನ ಬಿಳಿಯ ಹೆಂಗಸೊಬ್ಬಳು ಬಂದಳು. ಅರವತ್ತು ದಾಟಿದ ವಯಸ್ಸು, ತಲೆಗೆ ಒಣಹುಲ್ಲಿನ ಟೋಪಿ. ಅವಳ ಗಂಡ ರೈಲ್ವೆ ಇಂಜಿನಿಯರಾಗಿ ನಿವೃತ್ತನಾದವನಂತೆ, ಹಳೆಯ ಸೇತುವೆ ನೋಡಲು ಹೊಳೆಗೆ ಹೋಗಿದ್ದ. ಇವಳಿಗೆ ಕ್ಯಾಮೆರಾಕ್ಕೆ ರೋಲು ಬೇಕಿತ್ತು. ಮಹಾದೇವಸ್ವಾಮಿಯ ಇಂಗ್ಲಿಷ್ ‘ಸ್ಮೈಲ್ ಪ್ಲೀಸ್’ ಆಚೆಗೆ ಹೋಗುತ್ತಿರಲಿಲ್ಲ. ಪುಣ್ಯಕ್ಕೆ ಕೋಮಲ, ಚಲುವಮ್ಮ ಇಬ್ಬರೂ ಅಲ್ಲೇ ಇದ್ದರು. ಶಿವಮೂರ್ತಿ ತಲಕಾಡಿನಲ್ಲಿ ಬರೆದ ಚಿತ್ರಗಳನ್ನು ತೋರಿಸುತ್ತಿದ್ದ.

ಆಕೆ ರೋಲು ತೆಗೆದುಕೊಂಡು ತಿರುಗಿದಳು. ಪರದೆ ಕಂಡಿತು. ಟೋಪಿ ತೆಗೆದು ಕೈಯಲ್ಲಿ ಹಿಡಿದು ಅಲ್ಲೇ ನಿಂತುಬಿಟ್ಟಳು. ಶಿವಮೂರ್ತಿ ಕೈಯಲ್ಲಿದ್ದ ಚಿತ್ರಗಳನ್ನು ಕೆಳಗಿಟ್ಟ. ಇಷ್ಟು ದಿನ ನೋಡಿದವರು ಯಾರೂ ಇಂಗ್ಲೆಂಡ್ ಕಂಡವರಲ್ಲ.

“ಇದು ಯಾವ ಊರು?” ಎಂದು ಇಂಗ್ಲಿಷಿನಲ್ಲಿ ಕೇಳಿದಳು.

“ಹೆಸರು ನಮಗೂ ಗೊತ್ತಿಲ್ಲ” ಎಂದಳು ಕೋಮಲ. “ಅರ್ಧ ಕ್ಯಾಲೆಂಡರಿನದು, ಅರ್ಧ ನಾವು ಕಟ್ಟಿದ್ದು.”

ಆಕೆ ಹತ್ತಿರ ಹೋಗಿ ಗಿರಣಿಯ ಕಾಲುವೆಯನ್ನು ಬೆರಳಿನಿಂದ ಗಾಳಿಯಲ್ಲೇ ಹಿಂಬಾಲಿಸಿದಳು, ಚರ್ಚಿನ ಗೋಡೆಯಲ್ಲಿ ಬಣ್ಣ ಬದಲಾಗುವ ಜಾಗ ನೋಡಿದಳು. “ನಾನು ಹುಟ್ಟಿದ ಊರು ಇದಲ್ಲ, ಆದರೆ ಅದರ ಪಕ್ಕದ ಊರು ಇರಬಹುದು. ಈ ಸೇತುವೆ ದಾಟಿದರೆ ನಮ್ಮ ಮನೆಗೆ ದಾರಿ ಸಿಗುತ್ತೆ ಅನ್ನಿಸುತ್ತಿದೆ” ಎಂದಳು. ಅವಳ ಕಣ್ಣು ತುಂಬಿತ್ತು. ಕೋಮಲ ಅದನ್ನು ಎಲ್ಲರಿಗೂ ಕನ್ನಡದಲ್ಲಿ ಹೇಳಿದಳು.

ಆಮೇಲೆ ಆಕೆಗೆ ನಗು ಬಂತು. “ಎರಡೇ ತಪ್ಪು. ಒಂದು, ಇಲ್ಲಿ ಹೆಂಡದಂಗಡಿ ಇಲ್ಲ. ಚರ್ಚು ಇಲ್ಲದ ಊರಾದರೂ ನಮ್ಮಲ್ಲಿ ಸಿಕ್ಕೀತು, ಹೆಂಡದಂಗಡಿ ಇಲ್ಲದ್ದು ಸಿಗುವುದಿಲ್ಲ. ಎರಡು, ನಮ್ಮ ಹಸುಗಳಿಗೆ ಬೆನ್ನಿನ ಮೇಲೆ ಈ ಗುಡ್ಡ ಇರುವುದಿಲ್ಲ.”

ಎಲ್ಲರೂ ಹಸುವಿನ ಕಡೆ ನೋಡಿದರು. ನೆಟ್ಟಗಿನ ಕೊಂಬು, ಎತ್ತರದ ಹಿಣಿಲು, ಅಪ್ಪಟ ಹಳ್ಳಿಕಾರ್ ತಳಿಯ ಹಸು ಇಂಗ್ಲೆಂಡಿನಲ್ಲಿ ಮೇಯುತ್ತಿತ್ತು.

“ಅಳಿಸಬೇಕಾ?” ಎಂದ ಶಿವಮೂರ್ತಿ ಪೆಚ್ಚಾಗಿ.

“ಬೇಡ ಬೇಡ” ಎಂದು ಆಕೆ ಕೈಯಾಡಿಸಿದಳು. ಸ್ಟೂಲಿನ ಮೇಲೆ ಕೂತು, ಹಸುವಿನ ಪಕ್ಕಕ್ಕೆ ಸರಿದು, ತನ್ನದೊಂದು ಫೋಟೋ ತೆಗೆಸಿಕೊಂಡಳು. ಎದ್ದವಳು ಹುರುಪಿನಿಂದ ಎಲ್ಲರ ಕಡೆ ತಿರುಗಿ, “ನೀವು ಈ ಊರಿಗೆ ಬಂದರೆ ಯಾವ ಮನೆಯಲ್ಲಿ ಇರುತ್ತೀರಿ, ಹೇಳಿ ನೋಡೋಣ” ಎಂದು ಕೇಳಿದಳು.

ಮಹಾದೇವಸ್ವಾಮಿ ಯೋಚಿಸದೆ ಗಿರಣಿ ತೋರಿಸಿದ. ಊರಿನವರೆಲ್ಲ ದಿನಾ ಅಲ್ಲಿಗೇ ಬರಬೇಕಲ್ಲ, ಮಾತಿಗೆ ಜನ ಸಿಗುತ್ತಾರೆ ಎಂದ. ಚಲುವಮ್ಮ ಊಟೆಯ ಪಕ್ಕದ ಮನೆಯನ್ನು ಆರಿಸಿದಳು, ನೀರು ಹೊರುವ ಕಷ್ಟವಿಲ್ಲ. ಶಿವಮೂರ್ತಿ ಎದ್ದು ಹೋಗಿ, ಸೇತುವೆ ದಾಟಿದ ಕೂಡಲೇ ಇರುವ ಸಣ್ಣ ಮನೆಯ ಮೇಲೆ ಬೆರಳಿಟ್ಟ. ಅದೇ ಹೊತ್ತಿಗೆ ಇನ್ನೊಂದು ಬೆರಳೂ ಅಲ್ಲಿಗೇ ಬಂತು. ಕೋಮಲಳದು. ಇಬ್ಬರೂ ಬೆರಳು ತೆಗೆಯಲಿಲ್ಲ. ತೆಗೆಯಬೇಕೆಂದು ಇಬ್ಬರಿಗೂ ಹೊಳೆಯಲೇ ಇಲ್ಲ.

“ಅಲ್ಲಿಂದ ನದೀನೂ ಕಾಣುತ್ತೆ, ಗುಡ್ಡಾನೂ ಕಾಣುತ್ತೆ” ಎಂದಳು ಕೋಮಲ ನೆಲ ನೋಡುತ್ತ.

“ನಾನೂ ಅದಕ್ಕೇ ಅಂದ್ಕಂಡೆ” ಎಂದ ಅವನು.

ಬಿಳಿಯ ಹೆಂಗಸಿಗೆ ಭಾಷೆ ಬಾರದಿದ್ದರೂ ವಿಷಯ ತಿಳಿಯಿತು. ಅವಳು ಚಲುವಮ್ಮನ ಕಡೆ ನೋಡಿದಳು. ಚಲುವಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದುಕೊಂಡು, “ಒಂದೇ ಮನೆಗೆ ಇಬ್ರೂ ಆಸೆಪಟ್ರೆ ಅವರಪ್ಪನ್ನ ಕೇಳ್ಬೇಕಾಯ್ತದೆ ಕನಪ್ಪ” ಎಂದಳು.

ಕೇಳುವುದು ಸುಲಭವಿರಲಿಲ್ಲ. ನಾಗಯ್ಯ ಮಾತು ಕಮ್ಮಿಯ ಮನುಷ್ಯ. ಮಗಳನ್ನು ಎಂ.ಎ. ಓದಿಸಲು ಬಿಸಿಲಲ್ಲಿ ಹಳಿ ಕಾದವನು. ಸರ್ಕಾರಿ ಕೆಲಸದ ಅಳಿಯ ಬರಲಿ ಎಂಬ ಆಸೆಯೂ ಅವನಿಗೆ ಇದ್ದೇ ಇತ್ತು. ಶಿವಮೂರ್ತಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅವನನ್ನು ಹುಡುಕಿಕೊಂಡು ಲೈನಿನ ಹತ್ತಿರ ಹೋದ. ನಾಗಯ್ಯ “ನಡಿ” ಎಂದ. ಇಬ್ಬರೂ ಹಳಿಯ ಪಕ್ಕದ ಕಾಲುದಾರಿಯಲ್ಲಿ ಬಹಳ ದೂರ ನಡೆದರು. ನಾಗಯ್ಯ ಅಲ್ಲಲ್ಲಿ ಬಗ್ಗಿ ಬೋಲ್ಟು ಮುಟ್ಟಿ ನೋಡುತ್ತಿದ್ದ. ಶಿವಮೂರ್ತಿ ಬೆವರುತ್ತಿದ್ದ.

“ನೀನು ಮಾಡಿದ್ರಲ್ಲೆಲ್ಲ ನನ್ನ ಮಗಳು ತಪ್ಪು ಇಡಿತಾಳಂತೆ?”

“ದಿನಾ ಇಡಿತಾರೆ.”

“ಬೇಜಾರಿಲ್ವಾ?”

“ಮೊದ್ಲು ಆಯ್ತಿತ್ತು. ಈಗ ಅವ್ರು ಏನೂ ಯೋಳ್ದೇ ಇದ್ರೆ ಬೇಜಾರಾಯ್ತದೆ. ನೋಡ್ನಿಲ್ವೇನೋ ಅನ್ನಿಸ್ತದೆ.”

ನಾಗಯ್ಯ ಬಗ್ಗಿದ್ದವನು ಎದ್ದು ನಿಂತ. ಮೊದಲು ಮೀಸೆಯಲ್ಲಿ ನಕ್ಕ, ಆಮೇಲೆ ಹಳಿಯ ಪಕ್ಕ ಮೇಯುತ್ತಿದ್ದ ಮೇಕೆಗಳು ತಲೆಯೆತ್ತಿ ನೋಡುವಷ್ಟು ಜೋರಾಗಿ ನಕ್ಕ. “ಅವರವ್ವನೂ ಅಂಗೇ ಕನ್ಲಾ! ಮೂವತ್ತೊರ್ಸ ಆಯ್ತು, ನಾನೂ ಅಂಗೇ ಅವ್ನಿ. ಓಗು, ನಿಮ್ಮನೆಯವ್ರ ಕರ್ಕಬಾ.”

ಮದುವೆ ಏಪ್ರಿಲ್‌ನಲ್ಲಿ, ಕೋಮಲ ಪಾಠ ಮಾಡುತ್ತಿದ್ದ ಹುಲ್ಲಹಳ್ಳಿಯಲ್ಲಿ ನಡೆಯಿತು. ಎರಡೂ ಮನೆಯವರು ಒಪ್ಪಿ, ಪುರೋಹಿತರಿಲ್ಲದೆ, ಬುದ್ಧನ ಚಿತ್ರದ ಮುಂದೆ ದೀಪ ಹಚ್ಚಿ, ಹಾರ ಬದಲಿಸಿ, ಹೆಚ್ಚು ಆಡಂಬರವಿಲ್ಲದೆ ಮುಗಿಸಿದರು. ಕೋಮಲಳ ಸ್ಕೂಲಿನ ಮಕ್ಕಳೆಲ್ಲ ಬಂದು ಪಾಯಸದ ಹಂಡೆಯನ್ನು ಎರಡು ಸಲ ಖಾಲಿ ಮಾಡಿದರು. ಮಹಾದೇವಸ್ವಾಮಿ ಫೋಟೋ ತೆಗೆಯುತ್ತ ತೆಗೆಯುತ್ತ ತಾನೇ ಅತ್ತುಬಿಟ್ಟ. ಹೊಗೆ ಎಂದು ಸುಳ್ಳು ಹೇಳಿದ.

ಸಂಜೆ ಹೆಣ್ಣು ಗಂಡು ಹೆಡತಲೆಗೆ ಹೊರಟರು. ನಂಜನಗೂಡಿನಲ್ಲಿ ಬಸ್ಸು ಬದಲಿಸಿದಾಗ ಕಂಡಕ್ಟರು ಹಾರ ನೋಡಿ ಮುಂದಿನ ಸೀಟು ಬಿಡಿಸಿಕೊಟ್ಟ. ಊರು ಹತ್ತಿರವಾಗುತ್ತಿದ್ದಂತೆ ಒಬ್ಬ ಮುದುಕ ಕೋಮಲಳ ಕಡೆ ಬಗ್ಗಿ ಹೇಳಿದ: “ನಿಮ್ಮ ಗಂಡನೂರಲ್ಲಿ ಅದಿನಾರು ಮುಖದ ಚಾವಡಿ ಅದೆ ಕನವ್ವ. ಇಂದೆ ಅಲ್ಲೊಬ್ಬ ನಾಯಕ ಇದ್ನಂತೆ. ಅವುನ್ಗೆ ಅದಿನಾರು ಜನ ಅಳೀದಿರು. ಯಾರು ಮೇಲೆ ಕೂರ್ಬೇಕು, ಯಾರು ಕೆಳಗೆ ಕೂರ್ಬೇಕು ಅಂತ ಜಗಳ ಬರಬಾರ್ದು ಅಂತ, ಒಬ್ಬೊಬ್ಬರಿಗೆ ಕೂರಾಕೆ ಒಂದೊಂದು ಮುಖ ಮಾಡಿ ಚಾವಡಿ ಕಟ್ಟಿಸ್ದ.”

“ಸರಿ ಅಜ್ಜ, ಅಳಿಯಂದಿರಿಗೆ ಅಷ್ಟೆಲ್ಲ ಮರ್ಯಾದೆ ಮಾಡಿದ” ಎಂದಳು ಕೋಮಲ. “ಆ ಊರಿಗೆ ಸೊಸೆ ಬಂದರೆ ಎಲ್ಲಿ ಕೂರಿಸ್ತಾರೆ?”

ಹಿಂದಿನ ಸೀಟಿನ ಹೆಂಗಸರು ಗೊಳ್ಳೆಂದು ನಕ್ಕರು. “ಕೇಳವ್ವ, ಚೆನ್ನಾಗಿ ಕೇಳು!” ಎಂದಳು ಒಬ್ಬಳು. ಸೊಸೆಯರಿಗೆ ಚಾವಡಿಗೇ ಇನ್ನೊಂದು ಮುಖ ಸೇರಿಸಬೇಕು ಎಂದ ಒಬ್ಬ. ಸೇರಿಸಿದರೆ ಕಟ್ಟಡದ ಅಂದ ಕೆಡುತ್ತದೆ, ಬೇರೆಯೇ ಕಟ್ಟಬೇಕು ಎಂದು ಇನ್ನೊಬ್ಬ ವಾದಕ್ಕೆ ನಿಂತ. ಬೇರೆ ಕಟ್ಟಿದರೆ ಕೆರೆಯ ಕಡೆಗೋ ಗುಡಿಯ ಕಡೆಗೋ ಎಂದು ಶಿವಮೂರ್ತಿ ಕೇಳಿದ. ಗಾಳಿ ಯಾವ ಕಡೆಯಿಂದ ಬರುತ್ತದೆ ನೋಡಬೇಕು ಎಂದಳು ಕೋಮಲ. ಕಂಡಕ್ಟರು ಟಿಕೆಟ್ಟಿನ ಕಟ್ಟು ಕಂಕುಳಲ್ಲಿ ಇಟ್ಟುಕೊಂಡು ತನ್ನ ಅಭಿಪ್ರಾಯವನ್ನೂ ಸೇರಿಸಿದ. ಡ್ರೈವರು ಅರ್ಧ ಕತ್ತು ಹಿಂದಕ್ಕೆ ತಿರುಗಿಸಿ ಕೇಳುತ್ತಿದ್ದ.

“ಓಲ್ಡಾನ್! ಓಲ್ಡಾನ್!” ಎಂದು ಕಂಡಕ್ಟರು ಹಠಾತ್ತನೆ ಸೀಟಿ ಊದಿದ. ಹೆಡತಲೆಯ ನಿಲ್ದಾಣ ಆಗಲೇ ಹಿಂದೆ ಬಿದ್ದಿತ್ತು.

ಗಂಡ ಹೆಂಡತಿ ಇಳಿದರು. ಅಲ್ಲಿಂದ ಊರು ಕಣ್ಣಿಗೆ ಪೂರ್ತಿ ಕಾಣುತ್ತಿತ್ತು. ಶಿವಮೂರ್ತಿ ಟ್ರಂಕನ್ನು ಹೆಗಲಿಗೇರಿಸಿದ. ಕೋಮಲ ಸೀರೆಯ ನೆರಿಗೆಯನ್ನು ಒಂದಿಷ್ಟು ಮೇಲೆತ್ತಿ, ಚಪ್ಪಲಿ ಕೈಗೆ ತೆಗೆದುಕೊಂಡಳು. ನಗುತ್ತ, ಬಂದ ದಾರಿಯಲ್ಲೇ ಇಬ್ಬರೂ ಊರಿನ ಕಡೆ ನಡೆದರು.